ಹೂವಿನ ಮುಖವಷ್ಟೇ ಸಾಲದು: ಕಾಡುಹೂಗಳ ಚಿತ್ರ ತೆಗೆಯುವವರು, ಗುರುತಿಸುವವರು ಇಲ್ಲಿ ಮಾತನಾಡಿ

ಬಯಲುದಾರಿ

ಮುಂಗಾರು ಹಿಡಿದ ಮೇಲೆ ದೇವರಾಯನದುರ್ಗದ ತಪ್ಪಲಿನಲ್ಲಿ, ಕೆರೆಯಂಗಳದಲ್ಲಿ, ಹೊಲದ ಬದುಗಳಲ್ಲಿ ಬೆರಳ ತುದಿಯಷ್ಟು ಚಿಕ್ಕ ಹೂಗಳು ಎದ್ದಿವೆ. ಅವುಗಳ ಚಿತ್ರ ತೆಗೆಯುವ ಹವ್ಯಾಸ ನನ್ನನ್ನು ಬಲವಾಗಿ ಹಿಡಿದಿದೆ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೊ ಲೆನ್ಸ್ ಬಿಟ್ಟರೆ ಬೇರೆ ಸಲಕರಣೆ ಇಲ್ಲ. ಹೂ ಸ್ಪಷ್ಟವಾಗಿ ಮೂಡುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ. ಗುರುತಿಸುವ ಆ್ಯಪ್‌ಗೆ ಒಂದೇ ಗಿಡದ ಎರಡು ಚಿತ್ರ ಕೊಟ್ಟರೆ ಎರಡು ಬೇರೆ ಹೆಸರು ಹೇಳುತ್ತದೆ. ಒಳ್ಳೆಯ ಕ್ಯಾಮೆರಾ ಕೊಂಡರೆ ಈ ತೊಡಕು ತೀರುತ್ತದೆಯೇ? ನೀವೆಲ್ಲ ಹೇಗೆ ಮಾಡುತ್ತೀರಿ?

ಸದ್ಯಕ್ಕೆ ಒಂದು ಗಿಡ ಕಾಡುತ್ತಿದೆ. ಮೊಣಕಾಲೆತ್ತರ ಬರುವುದಿಲ್ಲ, ತಿಳಿನೀಲಿ ಹೂ, ತಲೆ ತಗ್ಗಿಸಿ ಜೋತಾಡುತ್ತದೆ. ಅಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ‘ಕತ್ತೆ ತುಂಬೆ’ ಎಂದರು. ತುಂಬೆಯ ಹೂ ಬಿಳಿಯಲ್ಲವೇ?

ಹುಲ್ಲುಗಾವಲು

ಆ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. ಅದು ಟ್ರೈಕೊಡೆಸ್ಮಾ ಇಂಡಿಕಮ್. ತುಂಬೆಗೂ ಅದಕ್ಕೂ ಸಸ್ಯಶಾಸ್ತ್ರದ ಪ್ರಕಾರ ನೆಂಟಸ್ತಿಕೆ ಇಲ್ಲ. ಮುಂದಿನ ಸಲ ಹೂವನ್ನು ಬಿಟ್ಟು ಗಿಡವನ್ನು ಮುಟ್ಟಿ ನೋಡಿ. ಎಲೆ, ಕಾಂಡ ಎರಡೂ ಒರಟು ರೋಮಗಳಿಂದ ಚುಚ್ಚುತ್ತವೆ, ಎಲೆಗೆ ತೊಟ್ಟಿಲ್ಲದೆ ಬುಡವೇ ಕಾಂಡವನ್ನು ಅಪ್ಪಿರುತ್ತದೆ. ಹೂವನ್ನು ಹಿಂದಿನಿಂದ ನೋಡಿದರೆ ಪುಷ್ಪಪಾತ್ರೆಯ, ಅಂದರೆ ದಳಗಳನ್ನು ಹಿಡಿದಿರುವ ಹಸಿರು ಬಟ್ಟಲಿನ, ಬುಡದಲ್ಲಿ ಚೂಪಾದ ಕಿವಿಗಳಂತಹ ಭಾಗಗಳು ಕಾಣುತ್ತವೆ. ಅಷ್ಟು ಸಿಕ್ಕರೆ ಸಂಶಯವೇ ಉಳಿಯುವುದಿಲ್ಲ.

ತುಂಬೆಯದು ಬೇರೆ ಮನೆತನ, ತುಳಸಿಯ ಕುಟುಂಬ. ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ತಿಳಿಯುತ್ತದೆ, ಎಲೆಗಳು ಎದುರುಬದುರಾಗಿ ಜೋಡಿಯಲ್ಲಿರುತ್ತವೆ, ಹೂವಿಗೆ ಮೇಲೊಂದು ಕೆಳಗೊಂದು ತುಟಿ.

ಕ್ಯಾಮೆರಾದ ಪ್ರಶ್ನೆಗೆ ನನ್ನ ಉತ್ತರ: ಈಗಲೇ ಏನನ್ನೂ ಕೊಳ್ಳಬೇಡಿ. ನಿಮಗೆ ಹೆಸರು ಸಿಗದಿರುವುದಕ್ಕೆ ಕಾರಣ ಲೆನ್ಸ್ ಅಲ್ಲ. ಹೂವಿನ ಮುಖವೊಂದನ್ನೇ ತುಂಬಿಕೊಂಡು ಉಳಿದ ಗಿಡವನ್ನು ಚೌಕಟ್ಟಿನ ಹೊರಗೆ ಬಿಡುತ್ತಿದ್ದೀರಿ. ಪ್ರಭೇದಗಳನ್ನು ಬೇರ್ಪಡಿಸುವ ಗುರುತುಗಳಲ್ಲಿ ಹೆಚ್ಚಿನವು ಇರುವುದು ಹೂವಿನ ಬೆನ್ನಿನಲ್ಲಿ, ಎಲೆಯ ಬುಡದಲ್ಲಿ, ಕಾಯಿಯಲ್ಲಿ. ಮೊದಲು ಗಿಡ ನಿಂತ ಜಾಗದ ಚಿತ್ರ ತೆಗೆಯಿರಿ. ಬಂಡೆಯೋ, ನೀರು ನಿಂತ ನೆಲವೋ, ನೆರಳೋ ಅದರಲ್ಲಿ ತಿಳಿಯಬೇಕು. ಆಮೇಲೆ ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಗಿಣ್ಣು, ಎಲೆಯ ಕೆಳಮೈ. ಕೊನೆಗೆ ಹೂವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಕಾಯಿ ಇದ್ದರೆ ಬಿಡಲೇಬಾರದು. ಅಳತೆಗೆ ಒಂದು ರೂಪಾಯಿ ನಾಣ್ಯವೋ ಬೆರಳೋ ಪಕ್ಕದಲ್ಲಿರಲಿ.

ಎರೆಭೂಮಿ

ಇದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ ಸೇರಿಸುತ್ತೇನೆ. ಹಳದಿ ಹೂವಿನ ತಗಚೆ ಜಾತಿಯ ಗಿಡಗಳನ್ನು ಹೂವಿನಿಂದ ಬೇರ್ಪಡಿಸಲು ಹೊರಟರೆ ಸುಸ್ತಾಗುತ್ತದೆ. ಎಲೆ ನೋಡಿದರೆ ಕೆಲಸ ಸುಲಭ. ಸಾಮಾನ್ಯ ತಗಚೆಯಲ್ಲಿ ಕೆಳಗಿನ ಕಿರುಎಲೆಗಳ ಜೋಡಿಯ ನಡುವೆ ಕಡ್ಡಿಯಂತೆ ನಿಂತ ಒಂದು ಗ್ರಂಥಿ ಇರುತ್ತದೆ, ಕಿರುಎಲೆಯ ತುದಿ ದುಂಡಗೆ. ಸೆನ್ನಾ ಆಕ್ಸಿಡೆಂಟಾಲಿಸ್‌ನಲ್ಲಿ ಗ್ರಂಥಿ ಎಲೆತೊಟ್ಟಿನ ಬುಡದಲ್ಲೇ ಇದೆ, ಕಿರುಎಲೆ ಚೂಪು. ಇನ್ನು ತಂಗಡಿ, ಅಂದರೆ ಆವರಿಕೆ: ಅದರ ಎಲೆಯ ಬುಡದಲ್ಲಿ ಮೂತ್ರಪಿಂಡದ ಆಕಾರದ ಅಗಲವಾದ ಉಪಪರ್ಣಗಳು ಅಂಟಿಕೊಂಡೇ ಇರುತ್ತವೆ. ಅದನ್ನು ಒಮ್ಮೆ ಕಂಡವರು, ಹೂವಿಲ್ಲದ ಬೇಸಿಗೆಯಲ್ಲೂ ಬಸ್ಸಿನ ಕಿಟಕಿಯಿಂದ ತಂಗಡಿಯನ್ನು ಗುರುತಿಸುತ್ತಾರೆ. ಚರ್ಮ ಹದ ಮಾಡಲು ಇದರ ತೊಗಟೆಯನ್ನೇ ಬಳಸುತ್ತಿದ್ದರು.

ಬೆರಕೆ ಸೊಪ್ಪು

ನಾನು ಕೋಲಾರದ ಕಡೆಯವಳು. ಹೂವಿನಿಂದಲೇ ಗಿಡವನ್ನು ಗುರುತಿಸಬೇಕು ಎನ್ನುವ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ನಮ್ಮ ಊರಿನ ಹೆಂಗಸರು ಮಳೆ ಬಿದ್ದ ಎರಡು ವಾರಕ್ಕೆ ಹೊಲಕ್ಕೆ ಇಳಿದು ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಾರೆ. ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ ಎಲ್ಲವೂ ಆಗ ಎಳೆಯ ಎಲೆಗಳಷ್ಟೇ. ಹೂ ಬಂದರೆ ಸೊಪ್ಪು ಬಲಿಯಿತು ಎಂದು ಬಿಟ್ಟುಬಿಡುತ್ತಾರೆ! ಅಂದರೆ ನಾವು ಚಿತ್ರ ತೆಗೆಯಲು ಕಾಯುವ ಹೊತ್ತಿಗೆ ಅವರ ಗುರುತಿಸುವ ಕೆಲಸ ಮುಗಿದು ಸಾರು ಕುದಿದಿರುತ್ತದೆ. ಅವರು ಎಲೆಯ ದಪ್ಪ ನೋಡುತ್ತಾರೆ, ಚಿವುಟಿ ವಾಸನೆ ನೋಡುತ್ತಾರೆ, ಕಾಂಡ ಮುರಿದಾಗ ರಸ ಬರುತ್ತದೆಯೋ ಹಾಲು ಬರುತ್ತದೆಯೋ ನೋಡುತ್ತಾರೆ. ತಪ್ಪಿದರೆ ಮನೆಮಂದಿಯ ಹೊಟ್ಟೆಗೆ ತೊಂದರೆ. ಹಾಗಾಗಿ ಅವರ ನೋಟದಲ್ಲಿ ಉದಾಸೀನ ಇಲ್ಲ.

ಕನ್ನೆಸೊಪ್ಪಿನದೇ ಸಂಗತಿ ನೋಡಿ. ಸಸ್ಯಶಾಸ್ತ್ರದವರು ಕಮೆಲೈನಾ ಬೆಂಗಾಲೆನ್ಸಿಸ್ ಎನ್ನುತ್ತಾರೆ. ಇದೇ ಕುಲದ ಇನ್ನೊಂದು ಗಿಡವಾದ ಡಿಫ್ಯೂಸಾದಿಂದ ಇದನ್ನು ಬೇರ್ಪಡಿಸಲು ಎಲೆ ಕಾಂಡವನ್ನು ಸುತ್ತುವ ಕವಚದಲ್ಲಿನ ಕೆಂಚು ರೋಮ ಸಾಕು. ಹೂ ಬಂದಾಗ ಹೂವನ್ನು ಹೊತ್ತ ಹಸಿರು ದೊನ್ನೆಯನ್ನು ನೋಡಬಹುದು: ಕನ್ನೆಯಲ್ಲಿ ಅದರ ಅಂಚುಗಳು ಕೂಡಿಕೊಂಡು ಆಲಿಕೆಯಾಗಿವೆ, ಡಿಫ್ಯೂಸಾದಲ್ಲಿ ಅಂಚು ಬಿಡಿಯಾಗಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರಿನ ಬಳಿ ಇದೆ. ಈ ಗಿಡ ಮಣ್ಣಿನೊಳಗೂ ಹೂ ಬಿಡುತ್ತದೆ. ಆ ಹೂಗಳು ಅರಳುವುದೇ ಇಲ್ಲ, ಮುಚ್ಚಿದಂತೆಯೇ ತಮ್ಮೊಳಗೆ ಪರಾಗಸ್ಪರ್ಶ ಮಾಡಿಕೊಂಡು ಬೀಜ ಕಟ್ಟುತ್ತವೆ. ಕಳೆ ಕೀಳುವಾಗ ಬುಡದಲ್ಲಿ ಕಾಣುವ ಬಿಳಿಯ ಎಳೆಗಳ ತುದಿಯಲ್ಲಿ ಅವು ಸಿಗುತ್ತವೆ. ಇದರ ಒಳ್ಳೆಯ ಚಿತ್ರ ಯಾರ ಬಳಿಯಾದರೂ ಇದ್ದರೆ ಹಂಚಿಕೊಳ್ಳಿ.

ಬಯಲುದಾರಿ

ಮೇಲಿನ ಮೂರು ಉತ್ತರಗಳನ್ನೂ ಬರೆದಿಟ್ಟುಕೊಂಡೆ. ಬೆಳಕಿನ ವಿಷಯವನ್ನೂ ಯಾರಾದರೂ ಹೇಳಿ. ವಿಷ್ಣುಕ್ರಾಂತಿ ಕಣ್ಣಿಗೆ ಅಚ್ಚ ನೀಲಿ, ಮೊಬೈಲಿನಲ್ಲಿ ನೇರಳೆ. ತುಂಬೆಯ ಹೂ ಬರೀ ಬಿಳಿ ಚುಕ್ಕೆ.

ಶಿರಸಿ ಹಾದಿ

ಬಿಳಿ ಹೂವಿಗೆ ಎಕ್ಸ್‌ಪೋಷರ್ ಇಳಿಸಬೇಕು. ಮೊಬೈಲಿನ ಪರದೆಯ ಮೇಲೆ ಹೂವನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ದಳದ ಮೇಲಿನ ಗೆರೆಗಳು, ತುಂಬೆಯಾದರೆ ಮೇಲ್ತುಟಿಯ ರೋಮಗಳು ಕಾಣುವವರೆಗೂ ಇಳಿಸಿ. ಹಿನ್ನೆಲೆ ಕಪ್ಪಾದರೆ ಚಿಂತೆಯಿಲ್ಲ. ನೀಲಿಗೆ ಬಿಸಿಲೇ ಶತ್ರು. ಮೋಡದ ದಿನ ತೆಗೆಯಿರಿ, ಇಲ್ಲವೇ ನಿಮ್ಮ ಮೈಯ ನೆರಳನ್ನು ಹೂವಿನ ಮೇಲೆ ಬೀಳಿಸಿ. ಅದರ ನಂತರವೂ ಬಣ್ಣ ತಪ್ಪಿದರೆ ಕಣ್ಣಿಗೆ ಕಂಡ ಬಣ್ಣವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಕ್ಯಾಮೆರಾವನ್ನು ನಂಬಬೇಡಿ.

ಗಾಳಿಗೆ ಮಾಡಬಹುದಾದದ್ದು ಬೆಳಿಗ್ಗೆ ಬೇಗ ಹೋಗುವುದು. ಆದರೆ ಪ್ರತಿ ಹೂವಿಗೂ ಅದರದೇ ಹೊತ್ತು ಇದೆ. ವಿಷ್ಣುಕ್ರಾಂತಿ, ಕನ್ನೆ ಎರಡೂ ಬೆಳಿಗ್ಗೆಯವು, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತವೆ. ಶ್ರೀಮುದ್ರೆ ಗಿಡದ ಹಳದಿ ಹೂ ಬೇಕೆಂದರೆ ಸಂಜೆಯ ಕಡೆಗೆ ಹೋಗಬೇಕು. ಬೆಳಿಗ್ಗೆ ಮಾತ್ರ ತಿರುಗುವವರ ಪಟ್ಟಿಯಲ್ಲಿ ಅದರ ಅರಳಿದ ಹೂವೇ ಇರುವುದಿಲ್ಲ.

ದುಬಾರಿ ಕ್ಯಾಮೆರಾ ಇರುವವರಿಗೆ ಒಂದು ಮಾತು. ಹಿನ್ನೆಲೆಯನ್ನು ಪೂರ್ತಿ ಮಸುಕಾಗಿಸುವ ಚಿತ್ರ ಗೋಡೆಗೆ ಚೆಂದ, ಗುರುತಿಸಲು ಅಲ್ಲ. ಲೆನ್ಸಿನ ಬೆಳಕಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಫ್ 11ರ ಆಸುಪಾಸಿಗೆ ಇಟ್ಟರೆ ಹೂವಿನ ತುದಿಯಿಂದ ತೊಟ್ಟಿನವರೆಗೆ ಸ್ಪಷ್ಟತೆ ಸಿಗುತ್ತದೆ.

ಕರಾವಳಿ ಪದವು

ಘಟ್ಟದ ಮೇಲಿನವರು ಮಾತನಾಡಿದ್ದಾಯಿತು, ನಮ್ಮ ಮುರಕಲ್ಲಿನ ಪದವುಗಳನ್ನೂ ಸ್ವಲ್ಪ ನೋಡಿ. ಉಡುಪಿಯಿಂದ ಭಟ್ಕಳದ ತನಕ ಸಮುದ್ರಕ್ಕೆ ಹತ್ತಿರದಲ್ಲೇ ಇರುವ ಈ ಚಪ್ಪಟೆ ಬಂಡೆನೆಲ ಏಪ್ರಿಲ್‌ನಲ್ಲಿ ಕಾಲಿಟ್ಟರೆ ಸುಡುತ್ತದೆ, ಒಂದು ಹುಲ್ಲೂ ಇರುವುದಿಲ್ಲ. ಜುಲೈ ಕಳೆದು ಆಗಸ್ಟ್ ಬರುವ ಹೊತ್ತಿಗೆ ಅದೇ ಕಲ್ಲಿನ ಮೇಲೆ ಒಂದು ಬೆರಳಿನಷ್ಟು ನೀರು, ಆ ನೀರಿನಲ್ಲಿ ನೀಲಿ ನೇರಳೆಯ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂತಹ ತಲೆಯ ಎರಿಯೊಕಾಲನ್, ಅಂಚಿನಲ್ಲಿ ಕೆಂಪು ಡ್ರೊಸೆರಾ. ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ ಇರುವ ಕಾರಣ ಎರಡು ಗಿಡಗಳು ಬೇಟೆಗೆ ಇಳಿದಿವೆ. ಡ್ರೊಸೆರಾ ಎಲೆಯ ರೋಮದ ತುದಿಯ ಅಂಟಿನಿಂದ ಸಣ್ಣ ಹುಳುಗಳನ್ನು ಹಿಡಿಯುತ್ತದೆ. ಯುಟ್ರಿಕ್ಯುಲೇರಿಯಾ ನೀರೊಳಗಿನ ಪುಟ್ಟ ಚೀಲಗಳಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ.

ಇಲ್ಲಿ ಚಿತ್ರ ತೆಗೆಯಲು ಹೊಟ್ಟೆಯ ಮೇಲೆ ಮಲಗಲೇಬೇಕು. ಎಲ್ಲಿ ಮಲಗುತ್ತೀರಿ ಎನ್ನುವುದನ್ನು ನೋಡಿಕೊಂಡು ಮಲಗಿ, ಒಂದು ಮೈಯ ಕೆಳಗೆ ನೂರಾರು ಗಿಡಗಳು ಸಿಗುತ್ತವೆ. ಬರಿಗಲ್ಲಿನ ಮೇಲೆ ಮಲಗಿ, ನೀರಿನ ಅಂಚಿಗೆ ಕೈ ಚಾಚಿ. ಯುಟ್ರಿಕ್ಯುಲೇರಿಯಾದ ಹಿಂದಿನ ಕೊಂಬು ಕಾಣುವಂತೆ ಪಕ್ಕದಿಂದ ತೆಗೆಯಬೇಕು. ಎರಿಯೊಕಾಲನ್ ಎಂದಾದರೆ ಚಿತ್ರದಿಂದ ಪ್ರಭೇದ ಹೇಳಿ ಎಂದು ಯಾರನ್ನೂ ಒತ್ತಾಯಿಸಬೇಡಿ, ಅದಕ್ಕೆ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಕುಲದ ಹೆಸರಿನಲ್ಲಿ ನಿಲ್ಲುವುದೂ ಗುರುತಿಸುವಿಕೆಯೇ.

ಈ ಪದವುಗಳನ್ನು ಕಲ್ಲಿಗಾಗಿ ಕೊರೆಯುತ್ತಿದ್ದಾರೆ. ಒಮ್ಮೆ ಕೊರೆದ ಮೇಲೆ ಆ ತೆಳುನೀರಿನ ಪದರ ಮತ್ತೆ ನಿಲ್ಲುವುದಿಲ್ಲ. ನಾನು ಚಿತ್ರ ತೆಗೆಯುತ್ತಿರುವುದು ಮುಖ್ಯವಾಗಿ ಇದಕ್ಕೇ.

ಬಾಟನಿ ಮೇಷ್ಟರು

ಹಾಗಿದ್ದರೆ ಚಿತ್ರಗಳು ನಿಮ್ಮ ಮೊಬೈಲಿನಲ್ಲಿ ಉಳಿಯಬಾರದು. ದಿನಾಂಕ, ಸ್ಥಳ ಸಮೇತ ಐನ್ಯಾಚುರಲಿಸ್ಟ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಹಾಕಿ, ಎರಡೂ ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳು. ಕಲ್ಲುಕ್ವಾರಿಗೆ ಆಕ್ಷೇಪಣೆ ಸಲ್ಲಿಸುವಾಗ ‘ಇಲ್ಲಿ ಹೂಗಳಿವೆ’ ಎಂದರೆ ತೂಕವಿಲ್ಲ. ಯಾವ ಪ್ರಭೇದ, ಯಾವ ದಿನ, ಯಾವ ಸರ್ವೆ ನಂಬರಿನಲ್ಲಿ ಎಂದರೆ ತೂಕವಿದೆ.

ಆ್ಯಪ್ ಕೊಡುವ ಹೆಸರನ್ನು ಮೊದಲ ಊಹೆ ಎಂದಷ್ಟೇ ತೆಗೆದುಕೊಳ್ಳಿ. ಅದು ಹೋಲಿಸುವುದು ಈಗಾಗಲೇ ತನಗೆ ತೋರಿಸಿರುವ ಚಿತ್ರಗಳೊಂದಿಗೆ. ಉದ್ಯಾನದ ಗಿಡಗಳ ಚಿತ್ರಗಳು ಲಕ್ಷಗಟ್ಟಲೆ ಇವೆ, ನಮ್ಮ ಬದುವಿನ ಗಿಡಗಳವು ಬೆರಳೆಣಿಕೆಯಷ್ಟು. ಆ ಊಹೆಯನ್ನು ಹಿಡಿದು ಪುಸ್ತಕಕ್ಕೆ ಹೋಗಿ. ಸಾಲ್ಡಾನ್ಹಾ ಮತ್ತು ನಿಕೋಲ್ಸನ್ ಅವರು 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಅದರ ಕೀಲಿಗಳನ್ನು, ಅಂದರೆ ಗುರುತಿಸಲು ಹಂತಹಂತವಾಗಿ ಕೇಳುವ ಪ್ರಶ್ನೆಗಳನ್ನು, ಹಿಡಿದು ಒಂದೊಂದೇ ಮೆಟ್ಟಿಲು ಇಳಿದರೆ ನಿಮ್ಮ ಚಿತ್ರದಲ್ಲಿ ಯಾವುದು ಕಾಣುತ್ತಿಲ್ಲ ಎನ್ನುವುದು ತಾನಾಗಿಯೇ ತಿಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಅಂತರಜಾಲದಲ್ಲಿ ಇಟ್ಟಿರುವ ಕರ್ನಾಟಕದ ಸಸ್ಯಗಳ ಸಂಗ್ರಹವನ್ನೂ ನೋಡಿ.

ಶಿರಸಿ ಹಾದಿ

ಸ್ಥಳ ಹಾಕಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೀತಾಳೆ ದಂಡೆ ಎಂಬ ಮರದ ಮೇಲಿನ ಆರ್ಕಿಡ್ ಹೂಬಿಟ್ಟ ಮರದ ಚಿತ್ರ ಹರಿದಾಡಿದ ಮೇಲೆ ಆ ಮರದಿಂದ ಗಿಡವನ್ನೇ ಕಿತ್ತುಕೊಂಡು ಹೋದದ್ದನ್ನು ನಮ್ಮ ಊರಿನಲ್ಲಿ ಕಂಡಿದ್ದೇವೆ. ಗೌರಿ ಹೂವಿನ ಗೆಡ್ಡೆಗೂ ಬೆಲೆ ಇದೆ, ಅದರಲ್ಲಿರುವ ಕಾಲ್ಚಿಸಿನ್ ಮದ್ದೂ ಹೌದು, ವಿಷವೂ ಹೌದು. ನೆಲದ ಆರ್ಕಿಡ್‌ಗಳ ವಿಷಯದಲ್ಲಿ ನಾನು ಜಿಲ್ಲೆಯ ಹೆಸರಿಗಿಂತ ಹೆಚ್ಚು ಯಾರಿಗೂ ಹೇಳುವುದಿಲ್ಲ.

2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ಏನಾಯಿತು ನೆನಪಿಸಿಕೊಳ್ಳಿ. ರಸ್ತೆಯುದ್ದಕ್ಕೂ ವಾಹನ, ಹೂವಿನ ನಡುವೆ ನುಗ್ಗಿ ಸೆಲ್ಫಿ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಅದನ್ನು ಆ ವಾರಗಳಲ್ಲಿ ತುಳಿದರೆ ಮುಂದಿನ ತಲೆಮಾರಿಗೇ ಪೆಟ್ಟು.

ಬಾಟನಿ ಮೇಷ್ಟರು

ನಿಮ್ಮ ಕಾಳಜಿ ಸರಿಯಾಗಿದೆ, ಆದರೆ ಎಲ್ಲ ಗಿಡಕ್ಕೂ ಒಂದೇ ಬೀಗ ಹಾಕಬೇಕಿಲ್ಲ. ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಮರೆಮಾಡುತ್ತದೆ. 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಬಿಂದು ತೋರಿಸುತ್ತದೆ, ಅಷ್ಟೇ. ಉಳಿದವಕ್ಕೆ ನೀವೇ ಆ ಆಯ್ಕೆ ಮಾಡಬಹುದು. ನಿಖರ ಸ್ಥಳ ದಾಖಲೆಯಲ್ಲಿ ಇರುತ್ತದೆ, ಜನರಿಗೆ ಕಾಣುವುದಿಲ್ಲ.

ಇನ್ನೊಂದು ತಿದ್ದುಪಡಿ: ಘಟ್ಟದಲ್ಲಿ ಅರಳುವ ನೀಲಿಹೂವೆಲ್ಲ ನೀಲಕುರಿಂಜಿ ಅಲ್ಲ. ಸ್ಟ್ರೊಬಿಲಾಂತಸ್ ಕುಲದಲ್ಲಿ ಹತ್ತಾರು ಪ್ರಭೇದಗಳಿವೆ, ಅವುಗಳ ಅವಧಿ ಬೇರೆಬೇರೆ, ವರ್ಷವೂ ಅರಳುವವೂ ಇವೆ. ಹೂಗೊಂಚಲಿನ ಕೆಳಗಿನ ಎಲೆಯಂತಹ ಭಾಗಗಳನ್ನು, ಅವುಗಳ ಮೇಲಿನ ರೋಮವನ್ನು ಚಿತ್ರದಲ್ಲಿ ಹಿಡಿಯದೆ ಹೆಸರಿಡಬೇಡಿ.

ಹುಲ್ಲುಗಾವಲು

ಸ್ಥಳದ ಚರ್ಚೆಯಲ್ಲಿ ಬಯಲುಸೀಮೆಯ ಪರವಾಗಿ ನಾನು ತಿರುಗುಮುರುಗು ವಾದಿಸುತ್ತೇನೆ. ಮಲೆನಾಡಿನ ಆರ್ಕಿಡ್‌ಗೆ ಗುಟ್ಟು ರಕ್ಷಣೆ, ನಮ್ಮ ಕಾವಲುಗಳಿಗೆ ಗುಟ್ಟೇ ಶಾಪ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಅರಮನೆ ಇಲಾಖೆಯ ದನಗಳಿಗೆಂದು ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಹುಲ್ಲುಗಾವಲುಗಳು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇನ್ನೂ ಚೂರುಚೂರಾಗಿ ಉಳಿದಿವೆ. ಕಡತದಲ್ಲಿ ಅವುಗಳಿಗೆ ಬೀಳು ಎಂಬ ಹೆಸರು. ಬೀಳು ಎಂದ ಮೇಲೆ ಯಾರು ಏನು ಕೇಳಿದರೂ ಕೊಡಬಹುದು. ಹಸಿರು ಮಾಡುತ್ತೇವೆ ಎಂದು ಗುಂಡಿ ತೋಡಿ ಅಕೇಸಿಯಾ, ನೀಲಗಿರಿ ನೆಡುವವರೂ ಬರುತ್ತಾರೆ, ಅವರಿಗೆ ಅಲ್ಲಿ ಆಗಲೇ ಇರುವ ಹಸಿರು ಕಾಣುವುದಿಲ್ಲ.

ಆಗಸ್ಟ್‌ನಲ್ಲಿ ಒಂದು ಕಾವಲಿನೊಳಗೆ ನಡೆದು ನೋಡಿ. ಹುಲ್ಲಿನ ನಡುವೆ ಗೆಡ್ಡೆಯಿಂದ ಎದ್ದ ಸಯನೋಟಿಸ್, ಬಿಳಿಯ ಕ್ಲೋರೊಫೈಟಮ್, ಮಣ್ಣಿಗೆ ಅಂಟಿದ ನೆಲತಾಳೆಯ ಹಳದಿ ನಕ್ಷತ್ರ, ಗಿಜಿಗಿಜಿ ಕಾಯಿಯ ಗಿಡಗಳು. ಆ ಗಿಜಿಗಿಜಿ ಗಿಡಗಳ ಬಳಿ ಸ್ವಲ್ಪ ಹೊತ್ತು ಕುಳಿತರೆ ನೀಲಿ ಪಟ್ಟೆಯ ಚಿಟ್ಟೆಗಳು ಒಣಗಿದ ಎಲೆ ಕಾಂಡಗಳನ್ನು ಹೀರುತ್ತಿರುವುದು ಕಾಣುತ್ತದೆ. ಅವು ಬಂದಿರುವುದು ಮಕರಂದಕ್ಕಲ್ಲ. ಗಿಡದ ಆಲ್ಕಲಾಯ್ಡ್‌ಗಳನ್ನು ಮೈಗೂಡಿಸಿಕೊಂಡು ಶತ್ರುಗಳಿಗೆ ಕಹಿಯಾಗುತ್ತವೆ. ಇವುಗಳಲ್ಲಿ ಬಹುಪಾಲು ಗಿಡಗಳಿಗೆ ಬಿಸಿಲು ಬೇಕು, ಮೇಲೆ ಮರ ಬೆಳೆಸಿದರೆ ನೆರಳಿಗೇ ಸಾಯುತ್ತವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಸಂರಕ್ಷಣಾ ಮೀಸಲು ಎಂದು ಘೋಷಣೆಯಾದದ್ದು ಕೃಷ್ಣಮೃಗಗಳ ದೆಸೆಯಿಂದ. ಹೂಗಳ ದೆಸೆಯಿಂದ ಉಳಿದ ಕಾವಲು ಯಾವುದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಬಯಲಿನ ಹೂಗಳಿಗೆ ಸ್ಥಳ ಹಾಕಿ, ದಿನಾಂಕ ಹಾಕಿ, ಕಾವಲಿನ ಹೆಸರನ್ನು ದೊಡ್ಡದಾಗಿ ಬರೆಯಿರಿ.

ಬೆರಕೆ ಸೊಪ್ಪು

ಹೆಸರಿನ ಜೊತೆಗೆ ಅದನ್ನು ಹೇಳಿದವರ ಊರನ್ನೂ ಬರೆಯಿರಿ. ಒಂದೇ ಗಿಡಕ್ಕೆ ಹೋಬಳಿಗೊಂದು ಹೆಸರಿರುತ್ತದೆ.

ರಾಗಿಹೊಲ

ಲಂಟಾನ, ಕಾಂಗ್ರೆಸ್ ಕಳೆ, ಮುಟ್ಟಿದರೆ ಮುನಿ, ಟ್ರೈಡಾಕ್ಸ್ ಇವೆಲ್ಲ ಹೊರಗಿನಿಂದ ಬಂದವು ಎನ್ನುತ್ತಾರೆ. ಇವುಗಳ ಚಿತ್ರ ತೆಗೆಯುವುದರಲ್ಲಿ ಏನಾದರೂ ಅರ್ಥವಿದೆಯೇ?

ಬಾಟನಿ ಮೇಷ್ಟರು

ಖಂಡಿತ ಇದೆ. ನೀವು ಹೆಸರಿಸಿದ ನಾಲ್ಕೂ ಅಮೆರಿಕ ಖಂಡಗಳ ಉಷ್ಣವಲಯದವು. ಕಾಂಗ್ರೆಸ್ ಕಳೆ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅದು ಯಾವ ದಾರಿಯಲ್ಲಿ ಎಷ್ಟು ಬೇಗ ಹಬ್ಬಿತು ಎಂದು ತಿಳಿಯಲು ಹಳೆಯ ದಾಖಲೆಗಳೇ ಆಧಾರ. ನಿಮ್ಮ ಹೊಲದಲ್ಲಿ ಈ ವರ್ಷ ಮೊದಲ ಸಲ ಕಂಡ ಕಳೆಯ ಚಿತ್ರ ಮುಂದಿನವರಿಗೆ ಅಂಥದೇ ದಾಖಲೆ.

ಶಿರಸಿ ಹಾದಿ

ಸ್ಥಳ ಮರೆಮಾಡುವ ಸೌಲಭ್ಯದ ವಿಷಯ ನನಗೆ ಗೊತ್ತಿರಲಿಲ್ಲ, ಆ ರೀತಿಯಾದರೆ ಹಬೆನೇರಿಯಾ ಎಂಬ ನೆಲದ ಆರ್ಕಿಡ್‌ಗಳ ಚಿತ್ರಗಳನ್ನು ಸೇರಿಸುತ್ತೇನೆ. ಸಾಮಾಜಿಕ ಜಾಲತಾಣದಲ್ಲಿ ಮಾತ್ರ ಜಾಗದ ಹೆಸರು ಹಾಕುವುದಿಲ್ಲ, ಅದರಲ್ಲಿ ಬದಲಾವಣೆಯಿಲ್ಲ.

ಬಯಲುದಾರಿ ಅವರಿಗೆ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಹೊಸ ಬೆಟ್ಟಗಳ ಆಸೆ ಸಹಜ, ಆದರೆ ಗಿಡದ ಪೂರ್ತಿ ಚಿತ್ರ ಒಂದು ಭೇಟಿಯಲ್ಲಿ ಸಿಗುವುದಿಲ್ಲ. ನಮ್ಮ ಕಾಡಿನ ನರ್ವಿಲಿಯಾ ಎಂಬ ನೆಲದ ಆರ್ಕಿಡ್ ಮೊದಲ ಮಳೆಗೆ ಎಲೆಯೇ ಇಲ್ಲದ ಹೂಕಡ್ಡಿಯನ್ನು ಕಳುಹಿಸುತ್ತದೆ. ಹೂ ಬಾಡಿದ ಮೇಲೆ ಒಂದೇ ಒಂದು ಎಲೆ ನೆಲದಿಂದ ಏಳುತ್ತದೆ. ಎರಡನ್ನೂ ಒಂದೇ ದಿನ ಕಾಣುವುದು ಕಷ್ಟ. ಹೂ ಕಂಡ ಕಡೆ ಪಕ್ಕದ ಕಲ್ಲು ಬೇರುಗಳ ಗುರುತು ಇಟ್ಟುಕೊಂಡು ತಿಂಗಳ ನಂತರ ಬರಬೇಕು.

ಹೂವನ್ನು ಕೀಳಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಹೊರಗೆ ಕೂಡ ಹೂವಿನ ಬೆನ್ನು ನೋಡಲು ಕೀಳುವ ಅಗತ್ಯವಿಲ್ಲ, ಮೊಬೈಲನ್ನು ತಲೆಕೆಳಗಾಗಿ ಹಿಡಿದು ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿದರೆ ಸಾಕು.

ಎರೆಭೂಮಿ

ನಮ್ಮ ಜೋಳದ ಹೊಲದಲ್ಲಿ ಗೇಣುದ್ದದ ಗಿಡಕ್ಕೆ ಬಿಳಿ ಹೂ ಬಂದಿದೆ. ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಎಂಬುದು ಗೊತ್ತು, ಅದು ಬಂದ ಕಡೆ ಪೈರು ಸೊರಗಿದೆ. ಯಾವ ಸ್ಟ್ರೈಗಾ ಎಂದು ಹೇಳಲು ಏನನ್ನು ತೆಗೆಯಬೇಕು? ಹೂವಿನ ಮುಖದ ಚಿತ್ರ ಇದೆ.

ಬಾಟನಿ ಮೇಷ್ಟರು

ಪುಷ್ಪಪಾತ್ರೆಯ ಕೊಳವೆಯನ್ನು ಪಕ್ಕದಿಂದ ಹತ್ತಿರಕ್ಕೆ ತೆಗೆಯಿರಿ. ಅದರ ಮೇಲಿನ ಉದ್ದುದ್ದ ಏಣುಗಳನ್ನು ಎಣಿಸಬೇಕು. ಐದಿದ್ದರೆ ಡೆನ್ಸಿಫ್ಲೋರಾ, ಹತ್ತು ಅಥವಾ ತುಸು ಹೆಚ್ಚಿದ್ದರೆ ಏಷಿಯಾಟಿಕಾ, ಹದಿನೈದರಷ್ಟಿದ್ದರೆ ಆಂಗಸ್ಟಿಫೋಲಿಯಾ. ಕೊಳವೆಯ ಒಂದೇ ಮಗ್ಗುಲು ತೆಗೆದರೆ ಲೆಕ್ಕ ತಪ್ಪುತ್ತದೆ, ಸುತ್ತಲೂ ಮೂರು ಕಡೆಯಿಂದ ಬೇಕು. ಚಿತ್ರ ತೆಗೆದಾದ ಮೇಲೆ ಕಾಯಿ ಬಲಿಯುವ ಮೊದಲೇ ಕಿತ್ತುಹಾಕಿ. ಒಂದು ಗಿಡದಲ್ಲಿ ಸಾವಿರಾರು ಬೀಜ ಇರುತ್ತವೆ, ಜೋಳದ ಬೇರಿನ ರಸ ತಾಗುವ ತನಕ ವರ್ಷಗಟ್ಟಲೆ ಮಣ್ಣಿನಲ್ಲೇ ಕಾಯುತ್ತವೆ.

ಎರೆಭೂಮಿ

ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುತ್ತೇನೆ. ಮೂರು ಮಗ್ಗುಲಿನ ಚಿತ್ರಗಳ ಜೊತೆಗೆ ಎಲೆ, ಬುಡ, ಅದು ಹಿಡಿದಿರುವ ಜೋಳದ ಬೇರು ಎಲ್ಲವನ್ನೂ ತೆಗೆದು ಇಲ್ಲೇ ಹಾಕುತ್ತೇನೆ. ಊರು ಲಿಂಗಸುಗೂರು ತಾಲ್ಲೂಕಿನಲ್ಲಿದೆ, ಸ್ಥಳ ಮರೆಮಾಡುವುದಿಲ್ಲ.